ಹತ್ತೊಂಬತ್ತನೆಯ ಕ್ಯಾಸೆಟ್, ಮೊದಲ ಬದಿ

ಪೆಟ್ಟಿಗೆಯ ಮೇಲೆ ಮೂವತ್ತೆರಡು ಎಂದು ಬರೆದಿತ್ತು. ಒಳಗೆ ಇದ್ದದ್ದು ಮೂವತ್ತೊಂದು ಕ್ಯಾಸೆಟ್. ಎರಡು ಸಲ ಎಣಿಸಿ, ಫೋಟೊ ತೆಗೆದು ಬೆಂಗಳೂರಿನ ಕಚೇರಿಗೆ ಕಳಿಸಿ, ಡೈರಿಯಲ್ಲಿ ಬರೆದುಕೊಂಡೆ: ಜೂನ್ 2, ಸೋಮವಾರ, ಮೂವತ್ತೊಂದು.

ನಮ್ಮದು ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಸಣ್ಣ ಕಚೇರಿ. ಇಳಿಸಿದ ಮೇಲೆ ಶಬ್ದ ಶುಚಿ ಮಾಡಬೇಕು, ಎಷ್ಟನೆಯ ನಿಮಿಷದಲ್ಲಿ ಏನಿದೆ ಎಂದು ಪಟ್ಟಿ ಮಾಡಬೇಕು. ಆ ವರ್ಷ ಕಚೇರಿಯ ಜಾಗ ಬಿಟ್ಟುಕೊಟ್ಟಿದ್ದರು. ಎಲ್ಲರೂ ಮನೆಯಿಂದಲೇ ಕೆಲಸ. ನನ್ನ ಊರು ಮರಳವಾಡಿ ಕಡೆ. ಅಲ್ಲಿ ಇಂಟರ್ನೆಟ್ ಸರಿಯಿಲ್ಲದ್ದರಿಂದ ರಾಮನಗರದಲ್ಲಿ ಮಹಡಿ ಮೇಲೆ ಒಂದು ಕೋಣೆ ಹಿಡಿದಿದ್ದೆ. ಕೆಳಗೆ ರೇಷ್ಮೆ ನೂಲು ಬಿಚ್ಚುವ ಘಟಕ. ಅದನ್ನು ನಡೆಸುತ್ತಿದ್ದವರೇ ಮನೆಯ ಒಡತಿ. ಕೆಲಸದವರೆಲ್ಲ ಓನರಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ.

ಕ್ಯಾಸೆಟ್ಟುಗಳು ಇಂಗ್ಲೆಂಡಿನ ಒಂದು ಹಾರ್ಡ್ ರಾಕ್ ತಂಡದವು. ಹೆಸರು ಹೇಳಿದರೆ ಇಲ್ಲಿರಲಿ, ಅಲ್ಲಿಯೂ ಹೆಚ್ಚು ಜನಕ್ಕೆ ಗೊತ್ತಾಗುವುದಿಲ್ಲವಂತೆ. ಎಪ್ಪತ್ತರ ದಶಕದಲ್ಲಿ ಉತ್ತರದ ಒಂದು ಕಾರ್ಖಾನೆ ಊರಿನ ನಾಲ್ಕು ಹುಡುಗರು ಚರ್ಚಿನ ಸಭಾಂಗಣದಲ್ಲಿ ಬಾರಿಸಲು ಶುರುಮಾಡಿದ್ದರು. ಎರಡು ರೆಕಾರ್ಡ್ ಬಂದವು. ಆಮೇಲೆ ದೊಡ್ಡ ತಂಡಗಳ ಕಾರ್ಯಕ್ರಮಕ್ಕೆ ಮೊದಲು ಬಾರಿಸುತ್ತಾ ಅಮೆರಿಕದ ಪ್ರವಾಸ, ಚಳಿಗಾಲ, ಒಂದೇ ವ್ಯಾನು. ಪ್ರವಾಸದ ಕೊನೆಯಲ್ಲಿ ಜಗಳವಾಗಿ ಡ್ರಮ್ ಬಾರಿಸುವವನು ಒಬ್ಬನೇ ವಿಮಾನ ಹತ್ತಿ ಮನೆಗೆ ಹೋದ. ಇಂಗ್ಲೆಂಡಿಗೆ ಮರಳಿದ ಮೇಲೆ ಬದಲಿಯವನನ್ನು ಇಟ್ಟುಕೊಂಡು ಮೂರನೆಯ ರೆಕಾರ್ಡ್ ಮಾಡಿದರು. ಅದು ಬರುವಷ್ಟರಲ್ಲಿ ತಂಡವೇ ಇರಲಿಲ್ಲ. ಆದರೆ ಅದರಲ್ಲಿ ಒಂದು ಹಾಡಿತ್ತು. ಹಾಡು ಶುರುವಾಗುವ ಮೊದಲು ಹನ್ನೆರಡು ಸೆಕೆಂಡ್ ಡ್ರಮ್ ಒಂದೇ ಕೇಳುತ್ತದೆ. ಈ ತಂಡವನ್ನು ಇಂದಿಗೂ ಯಾರಾದರೂ ನೆನೆಸಿಕೊಂಡರೆ ಆ ಹನ್ನೆರಡು ಸೆಕೆಂಡಿಗಾಗಿ. ರೆಕಾರ್ಡಿನ ಮೇಲೆ ಬದಲಿಯವನ ಹೆಸರಿದೆ.

ತಂಡದ ಚರಿತ್ರೆ ಬರೆಯುತ್ತಿದ್ದವರು, ಈ ಪೆಟ್ಟಿಗೆ ಕಳಿಸಿದವರು, ಅಲ್ಲಿನ ಒಬ್ಬ ನಿವೃತ್ತ ಶಿಕ್ಷಕರು. ಅವರಿಗೆ ಮೊದಲ ಡ್ರಮ್ಮಿನವನ ಮಗಳು ಪತ್ರ ಬರೆದಿದ್ದರು. ಆ ಹನ್ನೆರಡು ಸೆಕೆಂಡ್ ತಾನೇ ಕಟ್ಟಿದ್ದು, ಅಮೆರಿಕದಲ್ಲಿ ಕಟ್ಟಿದ್ದು ಎಂದು ತಂದೆ ಸಾಯುವವರೆಗೂ ಹೇಳುತ್ತಿದ್ದರಂತೆ. ಊಟದ ಮೇಜಿನ ಮೇಲೆ ಬೆರಳಲ್ಲಿ ಬಾರಿಸಿ ತೋರಿಸುತ್ತಿದ್ದರಂತೆ. ಮಗಳು ನಂಬಿರಲಿಲ್ಲ. ಒಂದು ದಿನ ನೆಂಟರೆದುರಿಗೇ ಸುಳ್ಳುಗಾರ ಅಂದುಬಿಟ್ಟಿದ್ದರು. ಬದಲಿಯವನೂ ಈಗ ಇಲ್ಲ. ಹಾಡುಗಾರ ಸಂದರ್ಶನದಲ್ಲಿ ಒಂದು ಸಲ ಅವನು ಎನ್ನುತ್ತಾನೆ, ಇನ್ನೊಂದು ಸಲ ಇವನು. ಉಳಿದ ಸಾಕ್ಷಿ ಹತ್ತೊಂಬತ್ತನೆಯ ಕ್ಯಾಸೆಟ್ ಒಂದೇ. ಅದು ಆ ಹಾಡಿನ ತಾಲೀಮು. ದಿನಾಂಕವಿಲ್ಲ, ಊರಿಲ್ಲ, ಮಾತೂ ಇಲ್ಲ. ಯಾರೋ ಒಬ್ಬ ಆ ಡ್ರಮ್ಮಿನ ಭಾಗವನ್ನು ತಪ್ಪುತ್ತಾ, ನಿಲ್ಲಿಸುತ್ತಾ, ಮತ್ತೆ ಹುಡುಕುತ್ತಾ ಹೋಗುತ್ತಾನೆ. ಬಾರಿಸುತ್ತಿರುವವನು ಯಾರೇ ಆಗಲಿ, ಅದನ್ನು ಕಟ್ಟಿದವನು ಅವನೇ ಎಂಬುದು ಕೇಳಿದರೆ ಗೊತ್ತಾಗುತ್ತದೆ. ಕ್ಯಾಸೆಟ್ ಅಮೆರಿಕದ್ದಾದರೆ ಅವನು ಆ ಮಗಳ ತಂದೆ. ಇಂಗ್ಲೆಂಡಿನದಾದರೆ ಬದಲಿಯವನು.

ಇದನ್ನು ಪತ್ತೆ ಮಾಡಲು ಒಂದು ದಾರಿ ಇದೆ. ಮನೆಯ ಕರೆಂಟಿಗೆ ಸಿಕ್ಕಿಸಿದ ಯಂತ್ರದಲ್ಲಿ ಏನು ರೆಕಾರ್ಡ್ ಮಾಡಿದರೂ ಹಿಂದೆ ಸಣ್ಣದಾಗಿ ಗುಂಯ್ ಎನ್ನುವ ದನಿ ಸೇರಿಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ ಕರೆಂಟು ಸೆಕೆಂಡಿಗೆ ಐವತ್ತು ಸಲ ಮಿಡಿಯುತ್ತದೆ, ಅಮೆರಿಕದಲ್ಲಿ ಅರವತ್ತು. ಕಂಪ್ಯೂಟರಿನಲ್ಲಿ ಆ ದನಿ ಒಂದು ಗೀಟಾಗಿ ಕಾಣುತ್ತದೆ. ಗೀಟು ಐವತ್ತರ ಮೇಲಿದೆಯೋ ಅರವತ್ತರ ಮೇಲಿದೆಯೋ ನೋಡಿದರಾಯಿತು.

ಜೂನ್ 18, ಬುಧವಾರ. ಬೆಳಿಗ್ಗೆ 10.49ಕ್ಕೆ ಮೊದಲ ಬದಿ ಹಚ್ಚಿದೆ. ತಾಲೀಮಿನ ಪಟ್ಟಿ ಮಾಡಿದೆ: ತಪ್ಪು ಪ್ರಯತ್ನ ಹದಿನಾರು, ಹದಿನೇಳನೆಯದು ಸರಿ. ಗೀಟು ನೋಡಿದೆ. ಐವತ್ತರ ಮೇಲೆ ದಪ್ಪಗೆ, ಸ್ಪಷ್ಟವಾಗಿ ಇತ್ತು. ಜೂನ್ 20ಕ್ಕೆ ವರದಿ ಬರೆದೆ: ರೆಕಾರ್ಡ್ ಆದದ್ದು ಇಂಗ್ಲೆಂಡಿನಲ್ಲಿ, ಬಾರಿಸಿರುವುದು ಬದಲಿಯವನು. ಕಚೇರಿ ನಡೆಸುವ ಮೇಡಂ ಅದನ್ನು ಕಚೇರಿಯ ಹೆಸರಿನಲ್ಲಿ ಲೇಖಕರಿಗೆ ಕಳಿಸಿದರು.

ಜೂನ್ 27ರಂದು ಲೇಖಕರು ಆ ಮಗಳ ಇಮೇಲನ್ನು ನಮಗೂ ದಾಟಿಸಿದರು. ನಾಲ್ಕೇ ಸಾಲು. ಟೇಪನ್ನು ಕೇಳಿದವರಿಗೆ ವಂದನೆ ತಿಳಿಸಿ. ತಂದೆಯನ್ನು ಸುಳ್ಳುಗಾರ ಅಂದದ್ದು ಅವರು ಸತ್ತ ಈ ಹನ್ನೊಂದು ವರ್ಷವೂ ಕೊರೆಯುತ್ತಿತ್ತು. ಅಂದದ್ದು ಅನ್ಯಾಯವಲ್ಲ ಎಂದು ಈಗ ಗೊತ್ತಾಯಿತು. ಇನ್ನು ಈ ವಿಷಯ ಸಾಕು.

ಆ ತಿಂಗಳು ನಾನು ಎದುರು ನಿಂತು ಮಾತಾಡಿದ ಜನರ ಲೆಕ್ಕ ಡೈರಿಯ ಹಿಂದಿನ ಪುಟದಲ್ಲಿದೆ: ಒಂಬತ್ತು. ಅದರಲ್ಲಿ ಹಾಲಿನವನೂ ಸೇರಿದ್ದಾನೆ. ಉಳಿದ ಹೊತ್ತೆಲ್ಲ ಕಿವಿಯಲ್ಲಿ ಆ ನಾಲ್ವರೇ. ಯಾರು ಮಾತಾಡುವ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾರೆ, ಯಾರ ನಗು ಮೊದಲು ನಿಲ್ಲುತ್ತದೆ ಎಂಬುದು ನನಗೆ ಗೊತ್ತಿತ್ತು. ಮಧ್ಯಾಹ್ನ ಊಟ ಮಾಡುವಾಗ ಕೋಣೆ ತೀರಾ ಸುಮ್ಮನಿದ್ದರೆ ಸಂದರ್ಶನದ ಒಂದು ಕ್ಯಾಸೆಟ್ ಹಚ್ಚಿಟ್ಟುಕೊಳ್ಳುತ್ತಿದ್ದೆ. ಓನರಮ್ಮ ಮೆಟ್ಟಿಲ ಬುಡದಿಂದ ಕೂಗುತ್ತಿದ್ದರು.

“ಏನವ್ವಾ, ಬೆಳಗ್ಗಿಂದ ಕಿವಿಗೆ ಅದೇನೋ ಕಚ್ಚಿಸ್ಕಂಡು ಕುಂತಿದ್ದೀಯ. ಒಸಿ ಕೆಳಕ್ಕೆ ಬಂದು ಮನುಸ್ರ ಮಕನೂವೆ ನೋಡು.”

“ಕೆಲ್ಸ ಐತೆ ಓನರಮ್ಮ.”

“ನಂಗೇನ್ ಇಲ್ಲಿ ಮದ್ವೆ ನಡೀತೈತಾ?”

ಜುಲೈ 3, ಗುರುವಾರ. ಪುಸ್ತಕದ ಪ್ರಚಾರಕ್ಕೆ ಹತ್ತೊಂಬತ್ತನೆಯ ಕ್ಯಾಸೆಟ್ಟಿನಿಂದ ಒಂದು ತುಣುಕು ಬೇಕೆಂದು ಲೇಖಕರು ಕೇಳಿದರು. ಇಡೀ ಬದಿಯನ್ನು ತೆರೆಯ ಮೇಲೆ ಹರಡಿ ನೋಡಿದೆ. ಮೂವತ್ತೊಂದನೆಯ ನಿಮಿಷದಲ್ಲಿ ಐವತ್ತರ ಗೀಟು ತಟ್ಟನೆ ನಿಂತುಹೋಗಿತ್ತು. ಡ್ರಮ್ ನಡೆಯುತ್ತಲೇ ಇತ್ತು. ಮೂವತ್ತೈದನೆಯ ನಿಮಿಷದಲ್ಲಿ ಗೀಟು ಮತ್ತೆ ಬಂತು.

ಟೇಪಿನ ಒಳಗಿನ ದನಿ ಹೀಗೆ ಬಿಟ್ಟುಬಿಟ್ಟು ಬರುವುದಿಲ್ಲ. ಡೈರಿ ತೆಗೆದೆ. ಕರೆಂಟು ಹೋಗುವ ಬರುವ ಹೊತ್ತನ್ನು ನಾನು ಬರೆದಿಡುತ್ತೇನೆ. ಜೂನ್ 18ರ ಪುಟದಲ್ಲಿ ಹೀಗಿತ್ತು: 11.20ಕ್ಕೆ ಹೋಯಿತು, 11.24ಕ್ಕೆ ಬಂತು. ಕ್ಯಾಸೆಟ್ ಹಚ್ಚಿದ್ದು 10.49ಕ್ಕೆ. ಕೂಡಿ ನೋಡಿದೆ. ಮತ್ತೆ ಕೂಡಿದೆ.

ನಾನು ಇಂಗ್ಲೆಂಡಿನದೆಂದು ಬರೆದು ಕಳಿಸಿದ ಗುಂಯ್ ನಮ್ಮ ಬೀದಿಯ ಕರೆಂಟಿನದು. ಇಲ್ಲಿಯೂ ಕರೆಂಟು ಮಿಡಿಯುವುದು ಐವತ್ತೇ ಸಲ. ಕಿಟಕಿಯಿಂದ ಎಂಟು ಅಡಿ ದೂರದಲ್ಲಿ ಟ್ರಾನ್ಸ್‌ಫಾರ್ಮರ್ ಇದೆ, ಕೆಳಗೆ ಘಟಕದ ಮೋಟಾರುಗಳಿವೆ, ಮನೆಗೆ ಅರ್ಥಿಂಗ್ ಇಲ್ಲ. ಕಚೇರಿಯಲ್ಲಿದ್ದಾಗ ಇದು ಯಾವುದೂ ಇರಲಿಲ್ಲ. ಅಂದು ಕರೆಂಟು ಹೋದಾಗ ಕ್ಯಾಸೆಟ್ ಯಂತ್ರ ತನ್ನೊಳಗಿನ ಸೆಲ್ಲಿನ ಮೇಲೆ, ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಓಡಿದ್ದರಿಂದ ರೆಕಾರ್ಡಿಂಗ್ ನಿಂತಿರಲಿಲ್ಲ. ಖಾಲಿ ಯಂತ್ರವನ್ನು ಎರಡು ನಿಮಿಷ ಓಡಿಸಿ ನೋಡುವ ಪರೀಕ್ಷೆ ಮೊದಲ ದಿನವೇ ಮಾಡಬೇಕಿತ್ತು. ಮಾಡಿರಲಿಲ್ಲ.

ಆ ನಾಲ್ಕು ನಿಮಿಷವನ್ನು ಹಿಗ್ಗಿಸಿ ನೋಡಿದೆ. ಐವತ್ತೇಳು, ಐವತ್ತೊಂಬತ್ತರ ನಡುವೆ ಏನೋ ಮಸುಕಾಗಿ ಎಳೆದ ಹಾಗಿತ್ತು. ಸೆಲ್ಲು ಹಳೆಯದಾಗಿ ಟೇಪು ನಿಧಾನವಾಗಿದ್ದರೆ ಅರವತ್ತು ಹೀಗೆ ಕಂಡೀತು. ಆದರೆ ಕಂಡೀತು ಎಂದು ವರದಿ ಬರೆಯಲಾಗುವುದಿಲ್ಲ.

ಮರುದಿನ ಮೇಡಂಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಖಚಿತಾನಾ?”

“ನಮ್ಮ ಗುಂಯ್ ಅನ್ನೋದು ಖಚಿತ ಮೇಡಂ. ಟೇಪಿನದು ಅರವತ್ತಾ ಅನ್ನೋದು ಇನ್ನೂ ಇಲ್ಲ.”

“ಹಾಗಾದ್ರೆ ಬಿಡು. ವರದಿ ಹೋಗಿ ಎರಡು ವಾರ ಆಯ್ತು. ಮುಂದಿನ ಶುಕ್ರವಾರ ಅವರ ಪುಸ್ತಕ ಅಚ್ಚಿಗೆ ಹೋಗುತ್ತೆ. ಆ ಹೆಣ್ಣುಮಗಳೂ ಸಮಾಧಾನವಾಗಿದ್ದಾರೆ. ಈಗ ನೀನು ಹೋಗಿ, ನಿಮ್ಮಪ್ಪ ಹೇಳಿದ್ದು ನಿಜ, ನೀವು ಅಂದಿದ್ದು ತಪ್ಪು ಅಂತ ಹೇಳ್ತೀಯಾ? ಯಾರಿಗೆ ಉಪಕಾರ ಅದು?”

“ಮತ್ತೆ ಪರೀಕ್ಷೆ ಮಾಡ್ತೀನಿ ಮೇಡಂ” ಅಂದೆ.

“ಕ್ಯಾಸೆಟ್ ಮನೆಯಿಂದ ಆಚೆ ಹೋಗೋ ಹಾಗಿಲ್ಲ. ಕರಾರಿದೆ, ನೆನಪಿರಲಿ.”

ಊರಿಗೆ ಕೊಂಡೊಯ್ದು ಹೊಲದ ನಡುವೆ ಕೂತು ಇಳಿಸಿಕೊಂಡು ಬರುವ ಯೋಚನೆ ಅಲ್ಲಿಗೆ ಮುಗಿಯಿತು. ಟ್ರಾನ್ಸ್‌ಫಾರ್ಮರ್ ನಿಂತ ಹೊತ್ತಿನಲ್ಲಿ ಈ ಕೋಣೆಯಲ್ಲೇ ಆಗಬೇಕು. ಸುಮ್ಮನೆ ಕರೆಂಟು ಹೋಗುವುದನ್ನು ನಂಬುವಂತಿರಲಿಲ್ಲ. ಜೂನ್ ತಿಂಗಳಲ್ಲಿ ಮೂವತ್ನಾಲ್ಕು ಸಲ ಹೋಗಿತ್ತು, ಅತಿ ಉದ್ದದ್ದು ಇಪ್ಪತ್ತಾರು ನಿಮಿಷ. ಒಂದು ಬದಿಗೇ ನಲವತ್ತೈದು ಬೇಕು. ಭಾನುವಾರದ ಪತ್ರಿಕೆಯಲ್ಲಿ ಪ್ರಕಟಣೆ ಕಂಡಿತು: ನಿರ್ವಹಣೆಯ ಕೆಲಸಕ್ಕಾಗಿ ಮಂಗಳವಾರ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ವಿದ್ಯುತ್ ಇರುವುದಿಲ್ಲ. ನಮ್ಮ ಬಡಾವಣೆಯ ಹೆಸರೂ ಇತ್ತು.

ಸೋಮವಾರ ಸಂಜೆ ಹೊಸ ಸೆಲ್ಲು ತರಲು ಹೋದೆ. ಒಂದೇ ಬ್ರ್ಯಾಂಡಿನದು, ಒಂದೇ ತಿಂಗಳಲ್ಲಿ ತಯಾರಾದದ್ದು ಎಂಟು ಬೇಕು ಅಂದೆ. ಅಂಗಡಿಯವನು ಒಂದೊಂದನ್ನೂ ತಿರುಗಿಸಿ ನೋಡಿ ಕೊಟ್ಟ.

“ಸೆಲ್ಲಿಗೂ ಜಾತ್ಕ ನೋಡ್ತಾರಾ ಅಕ್ಕೋ?”

ಜುಲೈ 8, ಮಂಗಳವಾರ. 10.04ಕ್ಕೆ ಕರೆಂಟು ಹೋಯಿತು. ಟ್ರಾನ್ಸ್‌ಫಾರ್ಮರಿನ ಸದ್ದು ನಿಂತಾಗಲೇ ಅದು ಇಷ್ಟು ದಿನ ಸದ್ದು ಮಾಡುತ್ತಿತ್ತು ಎಂದು ತಿಳಿದದ್ದು. ಯಂತ್ರದ ತಲೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಸೆಲ್ಲು ಹಾಕಿ, ಖಾಲಿ ಓಡಿಸಿದೆ. ತೆರೆಯ ಮೇಲೆ ಐವತ್ತರ ಗೀಟು ಹಾಗೇ ಇತ್ತು.

ಕಿಟಕಿಯಿಂದ ಬಗ್ಗಿ ನೋಡಿದೆ. ಘಟಕದ ಹಿಂದೆ ಜನರೇಟರ್ ಓಡುತ್ತಿತ್ತು. ಐದು ನಿಮಿಷ ಹೋಗುವ ಕರೆಂಟಿಗೆ ಅದನ್ನು ಹಚ್ಚುತ್ತಿರಲಿಲ್ಲ, ಇಂದು ದಿನವಿಡೀ ಇಲ್ಲವೆಂದು ಹಚ್ಚಿದ್ದರು. ಅದರ ತಂತಿ ನನ್ನ ಗೋಡೆಯ ಪಕ್ಕದಲ್ಲೇ ಹಾದು ಹೋಗಿತ್ತು. ಲ್ಯಾಪ್‌ಟಾಪಿನ ಬ್ಯಾಟರಿ ಬರುವುದು ಒಂದು ಗಂಟೆ ನಲವತ್ತು ನಿಮಿಷ; ಆಗಲೇ ಹನ್ನೆರಡು ನಿಮಿಷ ಖರ್ಚಾಗಿತ್ತು. ಮುಚ್ಚಿಟ್ಟು ಕೆಳಗೆ ಹೋದೆ.

ಒಳಗೆ ಆವಿ, ಬೆಂದ ಹುಳುವಿನ ವಾಸನೆ. ಬಿಸಿನೀರಿನ ತೊಟ್ಟಿಗಳಲ್ಲಿ ಗೂಡುಗಳು ತೇಲುತ್ತಿದ್ದವು. ಓನರಮ್ಮ ಎಳೆ ಹುಡುಕುತ್ತಿದ್ದರು, ತಲೆ ಎತ್ತಲಿಲ್ಲ.

“ಓನರಮ್ಮ, ಜನರೇಟರ್ ಒಸಿ ನಿಲ್ಲುಸ್ತೀರಾ? ಒಂದ್ ಗಂಟೆ.”

ಎಳೆ ಹಿಡಿದಿದ್ದ ಆಳು ನಕ್ಕ. “ಓನರಮ್ಮೋ, ಬಾಡಿಗೆಯೋರು ಫ್ಯಾಕ್ಟ್ರಿ ಬಾಗ್ಲು ಹಾಕುಸ್ತಾವ್ರೆ!”

“ನೀ ಎಳೆ ನೋಡ್ಲಾ, ಕಿತ್ಕಂಡೋಯ್ತು,” ಎಂದು ಗದರಿ ಅವರು ನನ್ನತ್ತ ತಿರುಗಿದರು. “ಬೆಂದಿರೋ ಗೂಡು ಕಣವ್ವ. ನಿಲ್ಸುದ್ರೆ ನೀರಲ್ಲೇ ಕೊಳ್ತು ನಾರಾಯ್ತವೆ. ಅಂತಾದ್ದೇನ್ ಬಂತು ನಿಂಗೆ?”

ಏನು ಹೇಳುವುದು? ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಒಂದು ತಿಂಗಳಲ್ಲಿ ನಾನು ಒಬ್ಬರೆದುರು ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ಇಂಗ್ಲೆಂಡಿನ ಒಬ್ಬ ಡ್ರಮ್ ಬಾರಿಸುವವನು, ಅವನನ್ನು ಸುಳ್ಳುಗಾರ ಅಂದ ಮಗಳು, ಅವನು ಸುಳ್ಳೇ ಹೇಳಿದ್ದು ಎಂದು ಬರೆದುಕೊಟ್ಟ ನಾನು, ನಮ್ಮ ಬೀದಿಯ ಕರೆಂಟು. ಓನರಮ್ಮನ ಕೈ ನೀರಿನಲ್ಲಿ ಆಡುತ್ತಲೇ ಇತ್ತು.

“ಅವ ಸತ್ತೋಗವ್ನಾ?”

“ಹೂಂ. ಹನ್ನೊಂದ್ ವರ್ಷ ಆಯ್ತು.”

“ಆ ಮಗ್ಳು ಈಗ ನೆಮ್ದಿಯಾಗವ್ಳೆ ಅಂತೀಯ.”

“ಹೂಂ. ಅದ್ಕೇ ಸುಮ್ನಿರು ಅಂತಾರೆ ನಮ್ ಮೇಡಮ್ಮು.”

ಅವರು ಕೈಯನ್ನು ಸೆರಗಿಗೆ ಒರೆಸಿಕೊಂಡರು. “ಅವಳ ನೆಮ್ದಿ ಅವಳ್ದಾಯ್ತು. ಸತ್ತೋನು ಎದ್ ಬಂದು ನಾನಲ್ಲ ಸುಳ್ಳೇಳಿದ್ದು ಅಂತಾನಾ? ಅವ್ನಿಗ್ಯಾರವ್ರೆ?”

ಅವರು ಗೋಡೆಯ ಗಡಿಯಾರ ನೋಡಿದರು.

“ಒಂದ್ ಗಂಟೆಗೆ ಉಣ್ಣಾಕೆ ಬುಡ್ತೀನಿ. ಇವತ್ತು ಅಷ್ಟೊತ್ಗೆ ತೊಟ್ಟಿ ಖಾಲಿ ಮಾಡುಸ್ತೀನಿ, ಹೊಸ್ದಾಗ್ ಬೇಯ್ಸಕಿಲ್ಲ. ಒಂದ್ರಿಂದ ಎರಡೂಕಾಲು. ಅದ್ರ ಮ್ಯಾಕೆ ಒಂದ್ ನಿಮ್ಸ ಕೇಳ್ಬ್ಯಾಡ.”

“ನಮ್ಗೇನ್ ಅಷ್ಟೊತ್ತು ಊಟನಾ?” ಎಂದು ಆಳು ಬಾಯಿ ಹಾಕಿದ.

“ಹೂಂ ಕಣ್ಲಾ, ಅಗ್ದು ಅಗ್ದು ತಿನ್ನು.”

1.02ಕ್ಕೆ ಜನರೇಟರ್ ನಿಂತಿತು. ಮತ್ತೆ ಖಾಲಿ ಓಡಿಸಿದೆ. ತೆರೆ ಕಪ್ಪಾಗಿತ್ತು, ಯಾವ ಗೀಟೂ ಇಲ್ಲ. ಯಂತ್ರದ ವೇಗ ಸರಿಯಿದೆಯೇ ಎಂದು ನೋಡಲು ನಮ್ಮಲ್ಲಿ ಒಂದೇ ಸ್ವರ ತುಂಬಿದ ಪರೀಕ್ಷೆಯ ಕ್ಯಾಸೆಟ್ ಇರುತ್ತದೆ. ಅದನ್ನು ಒಂದು ನಿಮಿಷ ಓಡಿಸಿದೆ, ವೇಗ ಸರಿಯಿತ್ತು. ಹತ್ತೊಂಬತ್ತನೆಯದನ್ನು ಹಾಕಿದ್ದು 1.11ಕ್ಕೆ. ಮುಗಿದದ್ದು 1.56ಕ್ಕೆ. ಪರೀಕ್ಷೆಯ ಸ್ವರ ಮತ್ತೊಮ್ಮೆ, ವೇಗ ಬದಲಾಗಿರಲಿಲ್ಲ. ಅಷ್ಟೂ ಹೊತ್ತು ಊರಿಗೆ ಊರೇ ಸುಮ್ಮನಿತ್ತು. ಕೆಳಗೆ ಜಗಲಿಯ ಮೇಲೆ ಆಳುಗಳು ಮಾತಾಡುವುದು ಕೇಳುತ್ತಿತ್ತು. ನನ್ನ ಕಿವಿಯಲ್ಲಿ ಒಬ್ಬ ಮನುಷ್ಯ ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಿದ್ದ.

ಬ್ಯಾಟರಿಯಲ್ಲಿ ಉಳಿದಿದ್ದ ಹೊತ್ತಿನಲ್ಲೇ ನೋಡಿಬಿಟ್ಟೆ. ಅರವತ್ತರ ಮೇಲೆ ಕೂದಲೆಳೆಯಂಥ ಗೀಟು. ಅದರ ದುಪ್ಪಟ್ಟಿನಲ್ಲಿ, ನೂರಿಪ್ಪತ್ತರ ಮೇಲೆ ಇನ್ನೊಂದು. ಮೊದಲ ನಿಮಿಷದಿಂದ ಕೊನೆಯ ನಿಮಿಷದವರೆಗೆ ಎಲ್ಲೂ ಕಡಿದಿರಲಿಲ್ಲ. ಜೂನ್ ತಿಂಗಳಲ್ಲೂ ಅದು ಅಲ್ಲೇ ಇದ್ದಿರಬೇಕು, ನಮ್ಮ ಬೀದಿಯ ಗೀಟಿನ ಪಕ್ಕದಲ್ಲಿ. ಬೇಕಾದ ಉತ್ತರ ಒಂದು ಸಿಕ್ಕಿದ ಕೂಡಲೇ ನಾನು ಹುಡುಕುವುದನ್ನು ನಿಲ್ಲಿಸಿದ್ದೆ.

ಕೆಳಗೆ ಹೋಗಿ ಓನರಮ್ಮನಿಗೆ ಮುಗಿಯಿತೆಂದು ಹೇಳಿದೆ. ಆಗ 2.05.

“ಅವ್ನೇನಾ?”

“ಅವ್ನೇ.”

“ಮತ್ತೆ ನನ್ ಮುಂದ್ಯಾಕ್ ನಿಂತಿದ್ದೀಯ? ಯೋಳೋಗು.”

ಸಂಜೆ ಐದೂಕಾಲಿಗೆ ಕರೆಂಟು ಬಂದ ಮೇಲೆ ಬರೆಯಲು ಕೂತೆ. ಮೇಡಂಗೆ ತೋರಿಸಿದರೆ ಅವರು ಬೇಡ ಎನ್ನುತ್ತಾರೆ. ಬೇಡ ಅಂದ ಮೇಲೆ ಕಳಿಸುವುದು ಇನ್ನೂ ಕಷ್ಟ. ಒಂಬತ್ತು ಸಾಲು ಬರೆದೆ. ಮೊದಲ ವರದಿ ತಪ್ಪು. ತಪ್ಪು ನನ್ನದು, ಕಚೇರಿಯದಲ್ಲ. ತಪ್ಪಾದ ಬಗೆ ಇದು. ಮತ್ತೆ ಪರೀಕ್ಷಿಸಿದ ಕ್ರಮ ಇದು. ರೆಕಾರ್ಡ್ ಆದದ್ದು ಅಮೆರಿಕದಲ್ಲಿ. ಬಾರಿಸುತ್ತಿರುವವನು ಮೊದಲ ಡ್ರಮ್ಮಿನವನು. ಎರಡೂ ಸಲದ ಚಿತ್ರ ಜೊತೆಗಿಟ್ಟೆ. ಮಗಳಿಗೆ ಏನಾದರೂ ಬರೆಯಬೇಕೆನಿಸಿ ಮೂರು ಸಲ ಶುರುಮಾಡಿ ಮೂರನ್ನೂ ಅಳಿಸಿದೆ. ಲೇಖಕರಿಗೇ ನೇರವಾಗಿ ಕಳಿಸಿ, ಪ್ರತಿಯನ್ನು ಮೇಡಂಗೆ ಹಾಕಿದೆ. 6.40.

ಮೇಡಂ ಅಂದು ಫೋನ್ ಮಾಡಲಿಲ್ಲ. ಗುರುವಾರ ಬೆಳಿಗ್ಗೆ ಮಾಡಿದರು. ದನಿ ಏರಿಸಲಿಲ್ಲ.

“ಸರಿ ಅಂತ ಗೊತ್ತು. ಕೇಳದೆ ಕಳಿಸಿದೆಯಲ್ಲ, ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಗಾಡಿ ಕಳಿಸ್ತೀನಿ, ಯಂತ್ರ, ಕ್ಯಾಸೆಟ್ ಎಲ್ಲ ಎಣಿಸಿ ಕೊಟ್ಟುಬಿಡು.”

ಎಣಿಸಿ ಕೊಟ್ಟೆ. ನನ್ನ ಕೆಲಸ ಅಲ್ಲಿಗೆ ಮುಗಿಯಿತು. ಇಪ್ಪತ್ತರಿಂದ ಮೂವತ್ತೊಂದರವರೆಗೆ ನಾನು ಕೇಳಲೇ ಇಲ್ಲ. ಕ್ಯಾಸೆಟ್ಟುಗಳಿದ್ದ ಮೇಜಿನ ಮೇಲೆ ಧೂಳು ಕೂರದ ಒಂದು ಚೌಕ ಉಳಿದಿತ್ತು. ಆ ವಾರ ಊಟದ ಹೊತ್ತಿನಲ್ಲಿ ಹಚ್ಚಿಕೊಳ್ಳಲು ಏನೂ ಇರಲಿಲ್ಲ. ಎದುರು ನಿಂತು ಮಾತಾಡಿದವರು, ನಾಲ್ವರು.

ಲೇಖಕರು ಶುಕ್ರವಾರ ಎರಡು ಸಾಲು ಬರೆದರು. ಆ ಅಧ್ಯಾಯದ ಒಂದು ಪುಟವನ್ನು ತಡೆದು ತಿದ್ದಿದ್ದಾರೆ. ಆ ಹೆಣ್ಣುಮಗಳಿಗೆ ತಿಳಿಸಿದ್ದಾರೆ, ಉತ್ತರ ಬಂದಿಲ್ಲ.

ಜುಲೈ 21, ಸೋಮವಾರ. ಆ ಮಗಳ ಇಮೇಲ್ ನೇರವಾಗಿ ನನಗೇ ಬಂತು. ವಂದನೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಲೇಖಕರು ತನಗೆ ಆ ಬದಿಯ ಪ್ರತಿ ಕಳಿಸಿದ್ದಾರೆ ಎಂದು ಬರೆದು ಒಂದೇ ಪ್ರಶ್ನೆ ಕೇಳಿದ್ದರು: ಸರಿಯಾಗಿ ಬರುವ ಮೊದಲು ತಂದೆ ಎಷ್ಟು ಸಲ ತಪ್ಪಿದರು?

ಹದಿನಾರು ಸಲ ಎಂದು ಬರೆದೆ. ಹದಿನಾರರ ಪಟ್ಟಿಯನ್ನೂ, ಒಂದೊಂದೂ ಎಷ್ಟನೆಯ ನಿಮಿಷ ಎಷ್ಟನೆಯ ಸೆಕೆಂಡಿಗೆ ಶುರುವಾಗುತ್ತದೆ ಎಂಬುದನ್ನೂ ಕೆಳಗೆ ಸೇರಿಸಿದೆ. ಬೇರೆ ಏನೂ ಬರೆಯಲಿಲ್ಲ.

ಮೂರು ದಿನ ಬಿಟ್ಟು ಅವರಿಂದ ಎರಡು ಸಾಲು ಬಂತು. ಒಂಬತ್ತನೆಯದರ ಹೊತ್ತು ಎರಡು ಸೆಕೆಂಡ್ ತಪ್ಪಿದೆ. ಅದು ನೀವು ಬರೆದದ್ದಕ್ಕಿಂತ ಮೊದಲೇ ಶುರುವಾಗುತ್ತದೆ, ಡ್ರಮ್ಮಿಗೆ ಕೋಲು ಒಮ್ಮೆ ಮೆಲ್ಲಗೆ ತಾಗುವುದು ಕೇಳುತ್ತದೆ.

ನನ್ನ ಲ್ಯಾಪ್‌ಟಾಪಿನಲ್ಲಿ ಪಟ್ಟಿ ಮಾಡಲೆಂದು ಇಟ್ಟುಕೊಂಡಿದ್ದ ಪ್ರತಿ ಇನ್ನೂ ಇತ್ತು. ಕಿವಿಗೆ ಹಾಕಿಕೊಂಡು ಆ ಜಾಗವನ್ನು ಐದು ಸಲ ಕೇಳಿದೆ. ಅವರು ಹೇಳಿದ್ದೇ ಸರಿ. ಪಟ್ಟಿಯನ್ನು ತಿದ್ದಿದೆ.